ರೋಮ್‌ಗೆ ಹೋದರೆ ಚೆರ್ವೆತೆರಿಗೆ ಒಂದು ದಿನ ಎತ್ತಿಡಿ: ಗ್ರೀಕ್ ಮಡಕೆಗಳ ಮೇಲಿನ ಪುರಾಣ ನೋಡೋಕೆ

ರೋಮ್ ಪ್ರವಾಸ ಹಾಕಿಕೊಂಡಿದ್ದೀರಾ? ಕೊಲೊಸಿಯಂ, ವ್ಯಾಟಿಕನ್ ಎಲ್ಲಾ ನೋಡಿ. ಆದರೆ ಒಂದು ದಿನವನ್ನು ಚೆರ್ವೆತೆರಿ ಅನ್ನೋ ಸಣ್ಣ ಊರಿಗೆ ಎತ್ತಿಡಿ. ಕ್ರಿ.ಪೂ. 515ರ ಸುಮಾರಿಗೆ ಅಥೆನ್ಸ್‌ನಲ್ಲಿ ಯೂಫ್ರೋನಿಯೋಸ್ ಎಂಬ ಕಲಾವಿದ ಚಿತ್ರ ಬರೆದ ಒಂದು ದೊಡ್ಡ ಮಡಕೆ ಅಲ್ಲಿದೆ. ನನ್ನ ಮಟ್ಟಿಗೆ ಇಡೀ ಪ್ರವಾಸದಲ್ಲಿ ಅದಕ್ಕಿಂತ ಚೆನ್ನಾಗಿರೋದು ಇನ್ನೊಂದು ಸಿಗಲಿಲ್ಲ.

ಅಥೆನ್ಸ್‌ನ ಮಡಕೆ ಇಟಲಿಯಲ್ಲಿ ಯಾಕಿದೆ ಅಂದರೆ, ರೋಮನ್ನರು ಬಲಿಯುವ ಮೊದಲು ಈ ಭಾಗದಲ್ಲಿದ್ದ ಎಟ್ರುಸ್ಕನ್ ಶ್ರೀಮಂತರು ಇಂಥ ಮಡಕೆಗಳನ್ನು ತರಿಸಿಕೊಂಡು, ಸತ್ತವರ ಜೊತೆ ಸಮಾಧಿಯಲ್ಲಿ ಇಡುತ್ತಿದ್ದರು. ಹಾಗಾಗಿ ಎಷ್ಟೋ ಮಡಕೆಗಳು ಹೆಚ್ಚು ಕೆಡದೆ ಉಳಿದವು.

ಹೋಗುವ ದಾರಿ ಸುಲಭ. ಮೆಟ್ರೋ ಎ ಲೈನಿನ ಕೊರ್ನೆಲಿಯಾ ಸ್ಟೇಷನ್ನಿನಿಂದ ಕೊತ್ರಾಲ್ ಕಂಪನಿಯ ಬಸ್ ಇದೆ, ಊರಿಗೇ ಬಿಡುತ್ತದೆ. ಇಲ್ಲದಿದ್ದರೆ ರೋಮಾ ತೆರ್ಮಿನಿಯಿಂದ ಚಿವಿತಾವೆಕ್ಕಿಯಾ ಕಡೆಗೆ ಹೋಗುವ ಲೋಕಲ್ ರೈಲು ಹತ್ತಿ ಲಾದಿಸ್ಪೋಲಿ-ಚೆರ್ವೆತೆರಿಯಲ್ಲಿ ಇಳಿಯಿರಿ, ಅಲ್ಲಿಂದ ಮತ್ತೆ ಬಸ್. ಪೇಪರ್ ಟಿಕೆಟ್ ಆದರೆ ಹತ್ತುವ ಮೊದಲು ಸ್ಟೇಷನ್ನಿನ ಮೆಷಿನ್‌ನಲ್ಲಿ ಮುದ್ರೆ ಹಾಕಿಸಬೇಕು, ಮರೆತರೆ ದಂಡ ಬೀಳಬಹುದು. ಭಾನುವಾರ ಬಸ್ ಕಡಿಮೆ. ಸೋಮವಾರ ಮ್ಯೂಸಿಯಂ ರಜೆ. ಮಂಗಳವಾರದಿಂದ ಶನಿವಾರದೊಳಗೆ ಒಂದು ದಿನ ಇಟ್ಟುಕೊಳ್ಳಿ, ವಾಪಸ್ ಬಸ್ಸಿನ ಸಮಯ ಇಳಿದ ತಕ್ಷಣವೇ ನೋಡಿಕೊಳ್ಳಿ.

ಮ್ಯೂಸಿಯಂ ಇರುವುದು ಹಳೆಯ ರುಸ್ಪೋಲಿ ಕೋಟೆಯೊಳಗೆ, ಊರಿನ ಮಧ್ಯದಲ್ಲೇ. ದೊಡ್ಡದೇನಲ್ಲ. ಜನವೂ ಕಡಿಮೆ, ಅದೇ ಇಲ್ಲಿನ ಸುಖ.

ಈಗ ಆ ಮಡಕೆಗೆ ಬರೋಣ. ದ್ರಾಕ್ಷಾರಸಕ್ಕೆ ನೀರು ಬೆರೆಸುವ ಪಾತ್ರೆ ಅದು, ಎತ್ತರ ಸುಮಾರು 46 ಸೆಂ.ಮೀ., ಬಾಯಿಯ ಅಗಲ ಅದಕ್ಕಿಂತ ಜಾಸ್ತಿ, 55 ಸೆಂ.ಮೀ. ಚಿತ್ರದಲ್ಲಿರೋದು ಗ್ರೀಕರು ಟ್ರಾಯ್ ನಗರದ ಮೇಲೆ ಮಾಡಿದ ಪುರಾಣದ ಯುದ್ಧದ ಒಂದು ಸಾವು. ದೇವರಾಜ ಸ್ಯೂಸ್‌ನ ಸ್ವಂತ ಮಗ ಸಾರ್ಪೆಡಾನ್ ಗ್ರೀಕ್ ವೀರ ಪ್ಯಾಟ್ರೋಕ್ಲಸ್‌ನ ಕೈಯಲ್ಲಿ ಸತ್ತಿದ್ದಾನೆ. ಮಗನನ್ನು ಉಳಿಸಿಕೊಳ್ಳೋಕೆ ಆ ತಂದೆಗೂ ಆಗಲಿಲ್ಲ. ನಿದ್ರೆ ಮತ್ತು ಸಾವು ಎಂಬ ಅವಳಿ ದೇವತೆಗಳು, ಇಬ್ಬರಿಗೂ ರೆಕ್ಕೆ, ಇಬ್ಬರೂ ಕವಚ ತೊಟ್ಟವರು, ಬಗ್ಗಿ ಆ ಹೆಣವನ್ನು ಎತ್ತುತ್ತಿದ್ದಾರೆ. ಕಾಲ ಕಡೆ ನಿದ್ರೆ, ತಲೆಯ ಕಡೆ ಸಾವು. ನಡುವೆ ದೇವತೆಗಳ ದೂತ ಹರ್ಮೀಸ್ ನಿಂತು ನೋಡುತ್ತಿದ್ದಾನೆ. ಗಾಯಗಳಿಂದ ರಕ್ತ ಹರಿಯುತ್ತಲೇ ಇದೆ. ಒಂದು ಕೈ ಜೋತುಬಿದ್ದಿದೆ. ಹೊತ್ತವರಿಗಿಂತ ಹೆಣವೇ ದೊಡ್ಡದು, ಆ ಭಾರ ನೋಡುವವರ ಹೆಗಲಿಗೂ ತಾಗುತ್ತದೆ. ನಮ್ಮ ವೀರಗಲ್ಲುಗಳಲ್ಲಿ ಅಪ್ಸರೆಯರು ಸತ್ತ ವೀರನನ್ನು ಮೇಲಕ್ಕೆ ಒಯ್ಯುತ್ತಾರಲ್ವಾ, ನನಗೆ ನೆನಪಾಗಿದ್ದು ಅದು. ಆದರೆ ಇಲ್ಲಿ ಸ್ವರ್ಗದ ಸುಳಿವಿಲ್ಲ, ಊರಿಗೆ ಒಯ್ದು ಮಣ್ಣು ಮಾಡೋದಷ್ಟೇ.

ಹತ್ತಿರ ಹೋಗಿ ಹೊಟ್ಟೆಯ ಭಾಗ ನೋಡಿ. ಸ್ನಾಯುಗಳ ಗೆರೆ ತೆಳು ಕಂದು ಬಣ್ಣ, ಮೈಯ ಅಂಚಿನ ಗೆರೆ ಕಡುಕಪ್ಪು. ಎರಡೂ ಒಂದೇ ನುಣುಪು ಜೇಡಿಯಿಂದ ಬಂದದ್ದು. ಕಂದು ಗೆರೆಗೆ ಯೂಫ್ರೋನಿಯೋಸ್ ಅದನ್ನು ನೀರಾಗಿಸಿಕೊಂಡಿದ್ದಾನೆ, ಅಷ್ಟೇ. ಈ ಶೈಲಿಯಲ್ಲಿ ಆಕೃತಿಗಳನ್ನು ಮಣ್ಣಿನ ಬಣ್ಣದಲ್ಲೇ ಬಿಟ್ಟು ಹಿನ್ನೆಲೆಗೆ ಆ ಜೇಡಿ ಬಳಿಯುತ್ತಾರೆ. ಗೂಡಿನಲ್ಲಿ ಸುಡುವಾಗ ನಡುವೆ ಗಾಳಿ ಕಟ್ಟಿದರೆ ಎಲ್ಲವೂ ಕಪ್ಪಾಗುತ್ತದೆ. ಮತ್ತೆ ಗಾಳಿ ಬಿಟ್ಟಾಗ ಮಡಕೆಯ ಮೈ ಕೆಂಪಿಗೆ ತಿರುಗುತ್ತದೆ, ಗಾಜಿನಂತೆ ಬಿಗಿದುಕೊಂಡ ಜೇಡಿ ಕಪ್ಪಾಗಿಯೇ ಉಳಿಯುತ್ತದೆ. ಬಳಿಯುವಾಗ ಎರಡೂ ಮಣ್ಣಿನ ಬಣ್ಣವೇ, ದೊಡ್ಡ ವ್ಯತ್ಯಾಸ ಕಾಣಲ್ಲ. ಅಂಥದ್ದರಲ್ಲಿ ಈ ಗೆರೆಗಳು!

ಈ ಮಡಕೆಯ ಕಥೆಯೂ ಗೊತ್ತಿರಲಿ. 1971ರಲ್ಲಿ ಇದೇ ಊರಿನ ಹತ್ತಿರ ಸಮಾಧಿಗಳ್ಳರು ಅಗೆದು ತೆಗೆದರು. 1972ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ 10 ಲಕ್ಷ ಡಾಲರ್ ಕೊಟ್ಟು ಕೊಂಡಿತು. ವರ್ಷಗಟ್ಟಲೆ ಜಗ್ಗಾಟ ಆಗಿ 2008ರಲ್ಲಿ ಇಟಲಿಗೆ ಬಂತು, ಆಮೇಲೆ ಈ ಊರಿಗೇ ಬಂತು. ರೋಮ್‌ನಲ್ಲೇ ಇಟ್ಟಿದ್ದರೆ ನೋಡುವವರು ಜಾಸ್ತಿ ಇರುತ್ತಿದ್ದರು, ನಿಜ. ಆದರೂ ಅದು ಇಲ್ಲಿರೋದೇ ಸರಿ.

ಅಲ್ಲೇ ಓನೆಸಿಮೋಸ್ ಚಿತ್ರ ಬರೆದ ದೊಡ್ಡ ಬಟ್ಟಲೂ ಇದೆ, ಅಮೆರಿಕದ ಗೆಟ್ಟಿ ಮ್ಯೂಸಿಯಂ 1999ರಲ್ಲಿ ಹಿಂದಿರುಗಿಸಿದ್ದು. ಟ್ರಾಯ್ ಬಿದ್ದ ರಾತ್ರಿಯ ಕ್ರೌರ್ಯ ಅದರೊಳಗಿದೆ. ಕೆಲವು ತುಂಡುಗಳು ಇಲ್ಲ, ಸಮಾಧಾನವಾಗಿ ನೋಡಿದರೆ ದೃಶ್ಯ ಕೂಡಿಕೊಳ್ಳುತ್ತದೆ.

ಹೊರಡುವ ಮೊದಲು ಕೆಲವು ಗುರುತು ತಿಳಿದುಕೊಳ್ಳಿ, ಇಲ್ಲದಿದ್ದರೆ ಸುಮ್ನೆ ಗಡ್ಡದ ಗಂಡಸರನ್ನು ನೋಡಿ ಬಂದ ಹಾಗಾಗುತ್ತದೆ. ಸಿಂಹದ ಚರ್ಮ ಹೊದ್ದವನು ಮಹಾಬಲಶಾಲಿ ವೀರ ಹೆರಾಕ್ಲೀಸ್. ಎದೆಯ ಮೇಲಿನ ಹೊದಿಕೆಯ ಅಂಚಲ್ಲಿ ಹಾವುಗಳಿದ್ದರೆ ಯುದ್ಧ ಮತ್ತು ಜ್ಞಾನದ ದೇವಿ ಅಥೀನಾ. ಹಾವು ಸುತ್ತಿದಂಥ ದಂಡ ಹಿಡಿದವನು ಹರ್ಮೀಸ್. ತ್ರಿಶೂಲ ಕಂಡರೆ ಶಿವ ಅಂದುಕೊಳ್ಳಬೇಡಿ, ಅವನು ಸಮುದ್ರದ ಪೊಸೈಡನ್. ಎಷ್ಟೋ ಮಡಕೆಗಳಲ್ಲಿ ಹೆಸರನ್ನು ಪಕ್ಕದಲ್ಲೇ ಬರೆದಿರುತ್ತಾರೆ. ಗ್ರೀಕ್ ಅಕ್ಷರ ಕಲಿಯೋಕೆ ಒಂದು ಸಂಜೆ ಸಾಕು, ಕಲಿತು ಹೋಗಿ. ಮಡಕೆಯ ಹಿಂಬದಿ ಬಿಡಬೇಡಿ. ಕಡುಬಣ್ಣದ ಬಟ್ಟೆ ಹಾಕಿದರೆ ಗಾಜಿನಲ್ಲಿ ನಿಮ್ಮದೇ ಪ್ರತಿಬಿಂಬ ಅಡ್ಡ ಬರೋದು ಕಡಿಮೆ.

ಮಧ್ಯಾಹ್ನ ಊಟ ಮುಗಿಸಿ ಬಂದಿತಾಚ್ಚಾ ಎಂಬ ಎಟ್ರುಸ್ಕನ್ನರ ಸಮಾಧಿ ಬಯಲಿಗೆ ನಡೆಯಿರಿ, ಸುಮಾರು 2 ಕಿ.ಮೀ. ನೀರು, ಟೋಪಿ ಇರಲಿ. ಸಸ್ಯಾಹಾರಿಗಳಿಗೆ ತೊಂದರೆಯಿಲ್ಲ, ಪಿಜ್ಜಾ ಮಾರ್ಗರಿತಾ ಎಲ್ಲಿಯೂ ಸಿಗುತ್ತದೆ, ಚೀಸ್ ಬೇಡದವರಿಗೆ ಮರಿನಾರಾ.

ವ್ಯಾಟಿಕನ್ ಮ್ಯೂಸಿಯಂಗೆ ಹೋದ ದಿನ ಎಲ್ಲರ ಹಿಂದೆ ಸಿಸ್ಟೀನ್ ಚಾಪೆಲ್ಲಿಗೆ ಓಡುವ ಮೊದಲು ಗ್ರೆಗೋರಿಯನ್ ಎಟ್ರುಸ್ಕನ್ ವಿಭಾಗ ತೆರೆದಿದೆಯಾ ಅಂತ ಕೇಳಿ. ಅಲ್ಲಿ ಡೂರಿಸ್ ಚಿತ್ರ ಬರೆದ ಬಟ್ಟಲಿದೆ, ಅದೂ ಚೆರ್ವೆತೆರಿಯಲ್ಲೇ ಸಿಕ್ಕಿದ್ದು. ಚಿನ್ನದ ತುಪ್ಪಳ ತರಲು ಹೊರಟ ವೀರ ಜೇಸನ್ ದೈತ್ಯ ಸರ್ಪದ ಬಾಯಿಂದ ಅರ್ಧ ಹೊರಗೆ ಜೋತಾಡುತ್ತಿದ್ದಾನೆ, ಹಿಂದೆ ಮರದ ಮೇಲೆ ಆ ತುಪ್ಪಳ, ಎದುರಿಗೆ ಕೈಯಲ್ಲಿ ಗೂಬೆ ಹಿಡಿದ ಅಥೀನಾ. ಸರ್ಪ ಜೇಸನ್‌ನನ್ನು ನುಂಗಿದ ಕಥೆ ಉಳಿದಿರುವ ಯಾವ ಗ್ರೀಕ್ ಕಾವ್ಯದಲ್ಲೂ ಇಲ್ಲ. ಆ ಕಥೆ ಇತ್ತು ಅಂತ ನಮಗೆ ಗೊತ್ತಾಗೋದೇ ಇಂಥ ಚಿತ್ರದಿಂದ. ಸಿಸ್ಟೀನ್ ಮುಗಿಸಿ ಸುಸ್ತಾದ ಮೇಲೆ ಇದನ್ನು ನೋಡೋಕೆ ಆಗಲ್ಲ, ಬೆಳಿಗ್ಗೆಯೇ ಹೋಗಿ.