ಅಟ್ಟದ ಮೆಟ್ಟಿಲಿಗೆ ಹೊಳಪಿಗಿಂತ ಹಿಡಿತ ಮುಖ್ಯ

ಸಕಲೇಶಪುರದ ಕಡೆಯ ಹಳೆಯ ತೋಟದ ಮನೆಯೊಂದರಲ್ಲಿ ಅಟ್ಟದ ಮರದ ಮೆಟ್ಟಿಲನ್ನು ಫೆಬ್ರವರಿಯಲ್ಲಿ ಸರಿಪಡಿಸಿದೆವು. ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈ ಹಾಕಬಾರದು. ಮರ ತೇವ ಕುಡಿದು ಉಬ್ಬಿರುತ್ತದೆ. ಸ್ಪಿರಿಟ್‌ನಲ್ಲಿ ಕರಗಿಸಿದ ಅರಗಿನ ಪಾಲಿಶ್ ಹಚ್ಚಿದರೆ ಸ್ಪಿರಿಟ್ ಆರುವಾಗ ಗಾಳಿಯ ತೇವ ಕೂತು ಬೆಳ್ಳಗಾಗುತ್ತದೆ.

ಮೊದಲು ಪಕ್ಕದ ಹಲಗೆಗಳು ನೆಲಕ್ಕೆ ತಾಗುವ ಕಡೆ ಸ್ಕ್ರೂಡ್ರೈವರ್‌ನಿಂದ ಚುಚ್ಚಿ ನೋಡಬೇಕು. ಗೆದ್ದಲು ತಿಂದಿದ್ದರೆ ಸಲೀಸಾಗಿ ಇಳಿಯುತ್ತದೆ. ಅಂಥ ಹಲಗೆ ಬದಲಿಸಲೇಬೇಕು, ಪುಟ್ಟಿ ತುಂಬಿದರೆ ಭಾರ ತಡೆಯದು.

ಅಡುಗೆಮನೆಯ ಹೊಗೆ, ಎಣ್ಣೆಯ ಜಿಡ್ಡನ್ನು ಟರ್ಪೆಂಟೈನ್ ಬಟ್ಟೆಯಿಂದ ಒರೆಸಿದ ಮೇಲೆಯೇ ಸ್ಯಾಂಡ್‌ಪೇಪರ್. ಜಿಡ್ಡಿನ ಮೇಲೆ ವಾರ್ನಿಷ್ ಹಿಡಿಯುವುದಿಲ್ಲ. 80, 120, 220 ನಂಬರಿನ ಕಾಗದದಲ್ಲಿ (ನಂಬರ್ ಹೆಚ್ಚಿದಷ್ಟೂ ನಯ) ಮರದ ಎಳೆಯ ಉದ್ದಕ್ಕೇ ಉಜ್ಜಬೇಕು. ಅಡ್ಡ ಗೀರು ಈಗ ಕಾಣದಿದ್ದರೂ ವಾರ್ನಿಷ್ ಬಿದ್ದೊಡನೆ ಎದ್ದು ಕಾಣುತ್ತದೆ. ಕಾಲಿಡುವ ಹಲಗೆಗೆ 120 ಸಾಕು. ಕಬ್ಬಿಣದ ಮೊಳೆಯ ಸುತ್ತಲಿನ ಕಪ್ಪು ಕಲೆ ಉಜ್ಜಿದರೆ ಹೋಗದು. ಮರದ ಒಗರಿಗೆ ಕಬ್ಬಿಣವೂ ನೀರೂ ಸೇರಿ ಆದದ್ದು ಅದು. ಒಂದು ಲೀಟರ್ ಬಿಸಿನೀರಿಗೆ ಸುಮಾರು 50 ಗ್ರಾಂ ಆಕ್ಸಾಲಿಕ್ ಆಮ್ಲ ಕರಗಿಸಿ ಹಚ್ಚಿ, ಕಲೆ ತಿಳಿಯಾದ ಮೇಲೆ ಚೆನ್ನಾಗಿ ತೊಳೆದು ಒಣಗಿಸಬೇಕು. ಅದು ವಿಷ; ಕೈಗವಸು ಬೇಕು, ಒಣಗಿದ ಪುಡಿ ಮೂಗಿಗೆ ಹೋಗಬಾರದು. ಮೊಳೆಯ ಜಾಗಕ್ಕೆ ಹಿತ್ತಾಳೆ ಸ್ಕ್ರೂ ಹಾಕಿದರೆ ಕಲೆ ಮರಳದು.

ಇನ್ನು ಹಿಡಿತ. ಅಂಗಡಿಯಲ್ಲಿ ಸಿಗುವ ಒರಟು ಟೇಪ್ ಅಂಟಿಸುವುದು ಸುಲಭ, ಆದರೆ ಬರಿಗಾಲಿಗೆ ಚುಚ್ಚುತ್ತದೆ. ತೇವಕ್ಕೆ ಮೂಲೆ ಏಳುತ್ತದೆ. ಎದ್ದ ಮೂಲೆಗೆ ಬೆರಳು ಸಿಕ್ಕಿದರೆ ಜಾರುವುದಕ್ಕಿಂತ ಕೆಟ್ಟದು. ಹಾಕಲೇಬೇಕೆಂದರೆ ಮೂಲೆಗಳನ್ನು ದುಂಡಗೆ ಕತ್ತರಿಸಿ. ನಮ್ಮ ಆಯ್ಕೆ ಮರಳು. ಮೊದಲ ಕೋಟ್‌ಗೆ ಪಾಲಿಯುರಿಥೇನ್ ವಾರ್ನಿಷ್ಷನ್ನು ತುಸು ತೆಳ್ಳಗೆ ಮಾಡಿ ಇಡೀ ಹಲಗೆಗೆ ಹಚ್ಚಿ ಆರಲು ಬಿಡಬೇಕು. ಇಳಿಯುವಾಗ ಪಾದ ಕೂರುವುದು ಮುಂಭಾಗದ ಅಂಚಿನ ಬಳಿ. ಅಲ್ಲಿ ಎರಡು ಇಂಚಿನ ಪಟ್ಟಿ ಬಿಟ್ಟು ಆಚೀಚೆ ಮಾಸ್ಕಿಂಗ್ ಟೇಪ್ ಅಂಟಿಸಿ, ಪಟ್ಟಿಗೆ ಎರಡನೇ ಕೋಟ್ ಬಳಿದು, ಹಸಿಯಿರುವಾಗಲೇ ತೊಳೆದು ಒಣಗಿಸಿದ ನುಣ್ಣನೆಯ ಮರಳನ್ನು ಚಹಾ ಸೋಸುವ ಜಾಲರಿಯಿಂದ ಉದುರಿಸಬೇಕು. ಹಸಿ ಕಾಣದಷ್ಟು ದಟ್ಟವಾಗಿರಲಿ. ಟೇಪನ್ನು ಆಗಲೇ ಕೀಳಬೇಕು, ಆರಿದರೆ ಅಂಚು ಹರಿಯುತ್ತದೆ. ಮಾರನೆಯ ದಿನ ಸಡಿಲ ಮರಳು ಗುಡಿಸಿ ತೆಳುವಾದ ಒಂದು ಕೋಟ್ ಮಾತ್ರ. ದಪ್ಪ ಹಚ್ಚಿದರೆ ಮರಳು ಮುಳುಗಿ ಮತ್ತೆ ಜಾರುತ್ತದೆ.

ಒಂದು ಬಿಟ್ಟು ಒಂದು ಮೆಟ್ಟಿಲಿಗೆ ಹಚ್ಚಿದರೆ ಮನೆಯವರ ಓಡಾಟ ನಿಲ್ಲದು.

ಕೈಹಿಡಿಗೆ ಅಗಸೆ ಎಣ್ಣೆ ಹಚ್ಚಿದೆವು. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆದರೆ ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಹುದು. ಗೋಣಿಚೀಲ ತುಂಬಿದ ಅಟ್ಟದಲ್ಲಂತೂ ಅದನ್ನು ಬಿಡಲೇಬೇಡಿ. ಅಂಗಳದಲ್ಲಿ ಬಿಡಿಬಿಡಿಯಾಗಿ ಹರವಿ ಒಣಗಿಸಿ.