ಹದಿಮೂರು ಮೂವತ್ತಾದ ದಿನ

ಸಿಂಗಪುರದಲ್ಲಿ ಕ್ರೀಡಾಕೂಟ ನಡೆಸಿಕೊಡುವ ಒಂದು ಸಂಸ್ಥೆಯಲ್ಲಿ ನನ್ನ ಕೆಲಸ. ಪಂದ್ಯದ ದಿನ ನಾನು ಕೂರುವುದು ಸೆಕ್ರೆಟೇರಿಯಟ್ ಟೇಬಲ್‌ನಲ್ಲಿ. ಗಡಿಯಾರ, ಸ್ಕೋರ್‌ಬೋರ್ಡ್, ಮ್ಯಾಚ್ ರೆಕಾರ್ಡ್ ಎಲ್ಲ ಅಲ್ಲೇ.

ಕೆಲವು ವರ್ಷಗಳ ಹಿಂದೆ ಪುರುಷರ ಫ್ಲೋರ್‌ಬಾಲ್ ಟೂರ್ನಿಯೊಂದು ಬಂತು. ಒಳಾಂಗಣದಲ್ಲಿ ಸ್ಟಿಕ್ ಹಿಡಿದು ಪ್ಲಾಸ್ಟಿಕ್ ಚೆಂಡಿನಿಂದ ಆಡುವ, ಹಾಕಿಯಂಥ ಆಟ ಅದು. ಆಡಲು ಬಂದವು ರ‍್ಯಾಂಕಿಂಗ್‌ನಲ್ಲಿ ಕೆಳಗಿರುವ ದೇಶಗಳು. ಈ ಆಟದಲ್ಲಿ ಪುರುಷರ ಮೊದಲ ವಿಶ್ವ ಚಾಂಪಿಯನ್‌ಷಿಪ್ ನಡೆದ 1996ರಿಂದ 2024ರವರೆಗೆ ಪಟ್ಟ ಸ್ವೀಡನ್ ಮತ್ತು ಫಿನ್ಲೆಂಡ್ ಬಿಟ್ಟು ಮೂರನೆಯವರ ಕೈಗೆ ಹೋಗಿಲ್ಲ. ಹಾಗಾಗಿ ಕೆಳಗಿನವರು ಪಟ್ಟಕ್ಕೆಂದು ಬರುವುದಿಲ್ಲ. ಒಂದು ಗೆಲುವು, ಒಂದು ಸ್ಥಾನ ಮೇಲೆ, ಅಷ್ಟಕ್ಕೇ ಬರುತ್ತಾರೆ. ಬಹಳಷ್ಟು ಜನ ಸ್ವಂತ ಖರ್ಚಿನಲ್ಲಿ, ರಜೆ ಹಾಕಿ ಬಂದವರು.

40 ಮೀಟರ್ ಉದ್ದ, 20 ಮೀಟರ್ ಅಗಲದ ಅಂಗಳ, ಸುತ್ತ ಮೊಣಕಾಲೆತ್ತರದ ಬೋರ್ಡ್. ಒಂದೊಂದು ತಂಡಕ್ಕೆ ಐವರು ಆಟಗಾರರು, ಜೊತೆಗೆ ಸ್ಟಿಕ್ಕೇ ಇಲ್ಲದೆ ಮಂಡಿಯೂರಿ ಕೂರುವ ಗೋಲಿ, ಅಂದರೆ ಗೋಲ್‌ಕೀಪರ್. ಚೆಂಡಿಗೆ 26 ತೂತು, ತೂಕ 23 ಗ್ರಾಂ. ಇಪ್ಪತ್ತು ನಿಮಿಷದ ಮೂರು ಅವಧಿ, ಸೀಟಿ ಊದಿದಾಗೆಲ್ಲ ಗಡಿಯಾರ ನಿಲ್ಲಿಸಬೇಕು. ನನ್ನ ಹೆದರಿಕೆಯೆಲ್ಲ ಆ ಗಡಿಯಾರದ್ದೇ. ಹಿಂದಿನ ರಾತ್ರಿ ಹಳೆಯ ಪಂದ್ಯಗಳ ವಿಡಿಯೊ ಹಾಕಿಕೊಂಡು ಸೀಟಿಗೆ ಬೆರಳು ಒತ್ತುವುದನ್ನು ಅಭ್ಯಾಸ ಮಾಡಿದ್ದೆ. ಚೆಂಡು ನೋಡಬಾರದು, ರೆಫ್ರಿಯನ್ನು ನೋಡಬೇಕು ಎಂದು ಅಲ್ಲೇ ಕಲಿತೆ.

ತಪ್ಪಾಗಿದ್ದು ಕಾಗದದ ಮೇಲೆ. ಎರಡನೇ ದಿನ, ಮೂರನೇ ಅವಧಿ ಮುಗಿಯುತ್ತಿತ್ತು. ಒಂದು ತಂಡ 9-1ರಿಂದ ಹಿಂದಿತ್ತು. ಅವರು ಒಂದು ಗೋಲು ಹೊಡೆದರು. ರೆಫ್ರಿ ಟೇಬಲ್ ಹತ್ತಿರ ಬಂದು ಗೋಲು ಯಾರದು, ಅಸಿಸ್ಟ್, ಅಂದರೆ ಗೋಲಿಗೆ ಪಾಸ್ ಕೊಟ್ಟದ್ದು, ಯಾರದು ಹೇಳಿದರು. ಈ ಆಟದಲ್ಲಿ ಒಂದು ಗೋಲಿಗೆ ಒಬ್ಬರಿಗೇ ಅಸಿಸ್ಟ್ ಸಿಗುವುದು, ಅದು ಆ ಆಟಗಾರನ ಲೆಕ್ಕಕ್ಕೆ ಒಂದು ಪಾಯಿಂಟ್. ನಾನು ಆಗ ಎರಡು ನಿಮಿಷದ ಶಿಕ್ಷೆಯೊಂದನ್ನು ಸ್ಕೋರ್‌ಬೋರ್ಡ್‌ನಿಂದ ತೆಗೆಯುತ್ತಿದ್ದೆ. ಅಸಿಸ್ಟ್‌ಗೆ ಅವರು ಹೇಳಿದ ನಂಬರ್ ಥರ್ಟೀನ್, ನಾನು ಬರೆದದ್ದು 30. ಕನ್ನಡದಲ್ಲಿ ಹದಿಮೂರಕ್ಕೂ ಮೂವತ್ತಕ್ಕೂ ಗೊಂದಲವೇ ಇಲ್ಲ. ಇಂಗ್ಲಿಷಿನಲ್ಲಿ, ಅದೂ ಬೇರೆ ಬೇರೆ ದೇಶದವರ ಉಚ್ಚಾರದಲ್ಲಿ, ಗದ್ದಲದ ಹಾಲ್‌ನಲ್ಲಿ, ಎರಡೂ ಒಂದೇ ಥರ ಕೇಳುತ್ತವೆ.

ಪಂದ್ಯ ಮುಗಿದ ಐದೇ ನಿಮಿಷಕ್ಕೆ 13ನೇ ನಂಬರಿನ ಹುಡುಗ ಬಂದು ನಿಂತ. ಬೆವರು ಟೇಬಲ್ ಮೇಲೆ ತೊಟ್ಟಿಕ್ಕೀತೆಂದು ಒಂದು ಹೆಜ್ಜೆ ಹಿಂದೆಯೇ ನಿಂತಿದ್ದ. "ಸರ್, ಸ್ಕೋರ್‌ಬೋರ್ಡ್‌ನಲ್ಲಿ ಬೇರೆ ನಂಬರ್ ಬಂತು. ಪಾಸ್ ಕೊಟ್ಟದ್ದು ನಾನು. ದೇಶಕ್ಕೆ ಆಡಿ ನನಗೆ ಸಿಕ್ಕ ಮೊದಲ ಪಾಯಿಂಟ್ ಅದು." ದನಿಯಲ್ಲಿ ಸಿಟ್ಟಿರಲಿಲ್ಲ. ಊರಲ್ಲಿ ಎಲೆಕ್ಟ್ರಿಷಿಯನ್ ಕೆಲಸವಂತೆ.

ತಂಡದ ಪಟ್ಟಿ ತೆಗೆದು ನೋಡಿದೆ. 30 ಅಂದರೆ ಮೀಸಲು ಗೋಲಿ. ಆ ಪಂದ್ಯದಲ್ಲಿ ಅವನು ಬೆಂಚ್ ಬಿಟ್ಟು ಎದ್ದೇ ಇರಲಿಲ್ಲ. ಬರೆಯುವಾಗ ಒಂದು ಸಲ ಪಟ್ಟಿಯ ಕಡೆ ಕಣ್ಣು ಹಾಯಿಸಿದ್ದರೆ ಸಾಕಿತ್ತು. ನಾನು ನೋಡಲಿಲ್ಲ, ಏಕೆಂದರೆ ಒಳಗೊಳಗೇ ಆ ಪಂದ್ಯ ಮುಗಿಯಿತೆಂದು ತೀರ್ಮಾನಿಸಿಬಿಟ್ಟಿದ್ದೆ. ಗ್ಯಾಲರಿಯಲ್ಲಿ ಮೂವತ್ತು ಜನ ಇದ್ದರೆ ಹೆಚ್ಚು. ಟಿವಿ ಇಲ್ಲ, ಪತ್ರಿಕೆಯವರಿಲ್ಲ. ಅವನು ಆ ಪಾಸ್ ಕೊಟ್ಟ ಎನ್ನುವುದಕ್ಕೆ ಉಳಿಯುವ ಒಂದೇ ಸಾಕ್ಷಿ ನನ್ನ ಮುಂದಿದ್ದ ಹಾಳೆ. ಇದು ಹೊಳೆದಾಗ ಹೊಟ್ಟೆಯಲ್ಲಿ ಸಂಕಟವಾಯಿತು.

ರೆಫ್ರಿಗಳು ಇನ್ನೂ ಸಹಿ ಹಾಕಿರಲಿಲ್ಲ. ಹಾಳೆ ಹಿಡಿದುಕೊಂಡು ಅವರ ಕೋಣೆಗೆ ಓಡಿದೆ. ಇಬ್ಬರಿಗೂ ಆ ಗೋಲು ನೆನಪಿತ್ತು. 30 ಹೊಡೆದುಹಾಕಿ 13 ಬರೆದು ಸಹಿ ಮಾಡಿದರು. ಹುಡುಗ ಹೊರಗೆ ಕಾಯುತ್ತಿದ್ದ, ಹಾಳೆಯ ಫೋಟೊ ತೆಗೆದುಕೊಂಡ.

ಆಮೇಲೆ ನಮ್ಮ ಟೇಬಲ್‌ನ ಪದ್ಧತಿ ಬದಲಾಯಿಸಿದೆವು. ಗಡಿಯಾರ ನೋಡುವವರು ಪೆನ್ ಮುಟ್ಟುವುದಿಲ್ಲ, ಬರೆಯುವವರು ಗುಂಡಿ ಮುಟ್ಟುವುದಿಲ್ಲ. ರೆಫ್ರಿ ಹೇಳಿದ ನಂಬರನ್ನು ಅಂಕಿ ಬಿಡಿಸಿ, ಒನ್-ತ್ರೀ ಅಂತ, ಗಟ್ಟಿಯಾಗಿ ತಿರುಗಿ ಹೇಳುತ್ತೇವೆ. ಸ್ಕೋರ್ 9-2 ಇರಲಿ, 15-0 ಇರಲಿ, ಅವರು ತಲೆಯಾಡಿಸಿದ ಮೇಲೆಯೇ ಬರೆಯುವುದು.