ಹೆಬ್ಬೆರಳು ಇಡುವ ಜಾಗ

ಅಪಘಾತ ವಿಭಾಗದಲ್ಲಿ ಇಪ್ಪತ್ತೆಂಟು ವರ್ಷ ನರ್ಸ್ ಆಗಿದ್ದವಳು ನಾನು. ಆಕಳಿಸಲು ತೆರೆದ ಬಾಯಿಯನ್ನು ಮುಚ್ಚಲಾಗದೆ, ಜೊಲ್ಲು ಸುರಿಸುತ್ತ, ಕಣ್ಣಿನಲ್ಲೇ ಗೋಗರೆಯುತ್ತ ಬಂದವರನ್ನು ಎಷ್ಟೋ ಸಲ ಕಂಡಿದ್ದೇನೆ. ನಾನು ಹಿಂದಿನಿಂದ ತಲೆಯನ್ನು ಅದುಮಿ ಹಿಡಿಯುತ್ತಿದ್ದೆ. ವೈದ್ಯರು ಹೆಬ್ಬೆರಳುಗಳಿಗೆ ಬಟ್ಟೆ ಸುತ್ತಿಕೊಂಡು (ಇಲ್ಲದಿದ್ದರೆ ಕಚ್ಚಿಸಿಕೊಳ್ಳುವುದು ಖಂಡಿತ) ರೋಗಿಯ ಹಿಂದಿನ ಹಲ್ಲುಗಳ ಮೇಲಿಟ್ಟು, ಉಳಿದ ಬೆರಳುಗಳಿಂದ ಗದ್ದವನ್ನು ಹಿಡಿದು, ಕೆಳಕ್ಕೊತ್ತಿ ಹಿಂದಕ್ಕೆ ತಳ್ಳುತ್ತಿದ್ದರು. ಟಕ್ ಎಂದು ದವಡೆ ಕೂರುತ್ತಿತ್ತು.

ನಿವೃತ್ತಿಯಾದ ಮೇಲೆ ಎಡ್ವಿನ್ ಸ್ಮಿತ್ ಪಪೈರಸ್‌ನ ಅನುವಾದ ಓದಲು ಕುಳಿತೆ. ಸ್ಮಿತ್ ಎಂಬಾತ 1862ರಲ್ಲಿ ಈಜಿಪ್ಟಿನ ಲಕ್ಸರ್‌ನಲ್ಲಿ ಕೊಂಡ, ಗಾಯಗಳಿಗೆ ಚಿಕಿತ್ಸೆ ಹೇಳುವ ಜೊಂಡಿನ ಕಾಗದದ ಸುರುಳಿ ಅದು. ಸುಮಾರು 3,600 ವರ್ಷಗಳ ಹಿಂದೆ, ಅದಕ್ಕೂ ಹಳೆಯ ಪ್ರತಿಯೊಂದನ್ನು ನೋಡಿಕೊಂಡು ಬರೆದದ್ದು. ಅದರ 25ನೆಯ ಪ್ರಕರಣಕ್ಕೆ ಬಂದಾಗ ಪುಸ್ತಕ ಮಡಚಿಟ್ಟು ಎದ್ದು ಓಡಾಡಿದೆ. ಜಾರಿದ ದವಡೆ. ಹೆಬ್ಬೆರಳುಗಳು ಬಾಯೊಳಗೆ, ಉಳಿದವು ಗದ್ದದ ಕೆಳಗೆ. ಅದೇ ಜಾಗ, ಅದೇ ತಳ್ಳುವಿಕೆ.

ಒಟ್ಟು 48 ಪ್ರಕರಣಗಳು, ನೆತ್ತಿಯಿಂದ ಶುರುವಾಗಿ ಕೆಳಕ್ಕಿಳಿಯುತ್ತವೆ. ಪ್ರತಿಯೊಂದರಲ್ಲೂ ಮೊದಲು ಮುಟ್ಟಿ ನೋಡುವುದು, ಆಮೇಲೆ ತೀರ್ಪು. ತೀರ್ಪು ಮೂರು ಬಗೆಯದು: ನಾನು ಚಿಕಿತ್ಸೆ ಕೊಡುವ ಕಾಯಿಲೆ, ನಾನು ಸೆಣಸುವ ಕಾಯಿಲೆ, ಚಿಕಿತ್ಸೆ ಕೊಡಲಾಗದ ಕಾಯಿಲೆ. ಕತ್ತಿನ ಮೂಳೆ ಜಾರಿ, ಕೈಕಾಲುಗಳ ಅರಿವೇ ಇಲ್ಲದೆ, ಮೂತ್ರ ತೊಟ್ಟಿಕ್ಕುತ್ತ ಮಲಗಿದವನಿಗೆ ಮೂರನೆಯ ತೀರ್ಪು. ಅಂಥವರು ಈಗ ಬದುಕುತ್ತಾರೆ. ಗಾಲಿಕುರ್ಚಿಯಲ್ಲಿ ಮನೆಗೆ ಹೋದವರನ್ನು ನಾನೇ ಬಾಗಿಲವರೆಗೆ ಬಿಟ್ಟು ಬಂದಿದ್ದೇನೆ. ಆದರೆ ಪರೀಕ್ಷೆಯಲ್ಲಿ ನಾವು ಕೇಳುವುದೂ ಅದನ್ನೇ: ಇಲ್ಲಿ ಮುಟ್ಟಿದರೆ ಗೊತ್ತಾಗುತ್ತದೆಯೇ?

ಗಾಯಕ್ಕೆ ಮೊದಲ ದಿನ ಹಸಿ ಮಾಂಸ ಕಟ್ಟಬೇಕಂತೆ. ಮುಖ ಕಿವುಚಿಕೊಂಡೆ. ಎರಡನೆಯ ದಿನದಿಂದ ಕೊಬ್ಬು, ಜೇನು, ನಾರು. ಜೇನಿನ ಮಾತು ಬಂದಾಗ ನಗಲಿಲ್ಲ. ಅದರೊಳಗಿನ ಸಕ್ಕರೆ ನೀರನ್ನು ಹೀರಿ ಬ್ಯಾಕ್ಟೀರಿಯಾ ಬೆಳೆಯದಂತೆ ಮಾಡುತ್ತದೆ. ಜೇನು ಸವರಿದ ಡ್ರೆಸ್ಸಿಂಗನ್ನು ಕಂಪನಿಯ ಪೊಟ್ಟಣದಿಂದ ಬಿಚ್ಚಿ ನಾನೇ ಕಟ್ಟಿದ್ದೇನೆ.

ಮಂತ್ರ? 48ರಲ್ಲಿ ಒಂದೇ ಒಂದು ಕಡೆ. ಹಣೆಯ ಮೂಳೆ ಒಡೆದವನಿಗೆ ಉಷ್ಟ್ರಪಕ್ಷಿಯ ಮೊಟ್ಟೆಯ ಲೇಪ, ಜೊತೆಗೆ ಒಂದು ಪಠಣ. ಸುರುಳಿಯ ಹಿಂಬದಿಯಲ್ಲಂತೂ ಪಿಡುಗಿನ ಗಾಳಿಯನ್ನು ಓಡಿಸುವ ಮಂತ್ರಗಳು, ಮುದುಕನನ್ನು ಯುವಕನನ್ನಾಗಿಸುವ ಲೇಪವೂ ಇದೆ. (ಆ ಅಂಗಡಿ ಇನ್ನೂ ಮುಚ್ಚಿಲ್ಲ.) ನನಗೆ ತೋಚಿದ್ದಿಷ್ಟು: ಕಲ್ಲು ಬಿದ್ದು ತಲೆ ಒಡೆದರೆ ಕಾರಣ ಕಣ್ಣೆದುರೇ ಇರುತ್ತದೆ, ಕೈಗೆ ಕೆಲಸವಿರುತ್ತದೆ. ಜ್ವರ ಎಲ್ಲಿಂದ ಬಂತೆಂದು ಯಾರಿಗೆ ಕಂಡಿತ್ತು? ಬ್ಯಾಬಿಲೋನಿನಲ್ಲಿ ಲೇಪ ಹಚ್ಚುವ ಅಸು ಬೇರೆ, ಮಂತ್ರ ಹಾಕುವ ಆಶಿಪು ಬೇರೆ. ರೋಗಿಯ ಮನೆಗೆ ಹೋಗುವ ದಾರಿಯಲ್ಲಿ ಕರಿ ನಾಯಿ ಕಂಡರೆ ರೋಗಿ ಸಾಯುತ್ತಾನೆ ಎನ್ನುವ ಆಶಿಪುವಿನ ಕೈಪಿಡಿಯೇ, ಮೂರ್ಛೆ ಬಂದವನ ಕಣ್ಣು ಕೈ ಹೇಗೆ ತಿರುಚುತ್ತವೆ ಎಂಬುದನ್ನು ನಮ್ಮ ಕೇಸ್ ಶೀಟಿನಷ್ಟೇ ಎಚ್ಚರದಿಂದ ದಾಖಲಿಸುತ್ತದೆ. ನೋಟ ಸರಿಯಿತ್ತು, ದೋಷ ಹೊರಿಸಿದ್ದು ಭೂತದ ಮೇಲೆ. ಕ್ರಿ.ಪೂ. 400ರ ಹೊತ್ತಿಗೆ ಹಿಪೊಕ್ರೆಟಿಸ್ ಪರಂಪರೆಯ ಗ್ರೀಕ್ ವೈದ್ಯನೊಬ್ಬ ಮೂರ್ಛೆರೋಗ ಉಳಿದ ರೋಗಗಳಿಗಿಂತ ಹೆಚ್ಚು ದೈವಿಕವೇನಲ್ಲ, ಮೂಲ ಮಿದುಳಿನಲ್ಲಿದೆ ಎಂದು ಬರೆದ. ಅದೇ ಕಾಲದಲ್ಲಿ ಗ್ರೀಸಿನ ಎಪಿಡಾರಸ್‌ನ ಅಸ್ಕ್ಲೀಪಿಯಸ್ ಎಂಬ ವೈದ್ಯದೇವರ ಗುಡಿಯಲ್ಲಿ ರೋಗಿಗಳು ಕನಸಿನಲ್ಲಿ ದೇವರು ಬಂದು ವಾಸಿಮಾಡಲೆಂದು ಮಲಗುತ್ತಿದ್ದರು. ಅವರನ್ನು ಹಂಗಿಸಲು ನನಗೆ ಬಾಯಿಲ್ಲ. ಐಸಿಯು ಹೊರಗಿನ ಬೆಂಚಿನ ಮೇಲೆ ತುಟಿ ಅಲುಗಿಸುತ್ತ ಕುಳಿತವರಿಗೆ ರಾತ್ರಿ ಹೊದಿಕೆ ತಂದುಕೊಟ್ಟವಳು ನಾನು.

48ನೆಯ ಪ್ರಕರಣ ಬೆನ್ನುಮೂಳೆ ಉಳುಕಿದವನದು. ಕಾಲು ಚಾಚಿಸಿ ನೋಡು, ನೋವೆಂದು ಕೂಡಲೇ ಮಡಚುತ್ತಾನೆ; ಚಿಕಿತ್ಸೆ ಕೊಡುವ ಕಾಯಿಲೆ; ಅಂಗಾತ ಮಲಗಿಸು. ಮುಂದೆ ಅವನಿಗೇನು ಮಾಡಬೇಕೆಂದು ಹೇಳತೊಡಗಿದ ಲಿಪಿಕಾರ ವಾಕ್ಯದ ನಡುವೆಯೇ ನಿಲ್ಲಿಸಿಬಿಟ್ಟಿದ್ದಾನೆ. ಅದರಾಚೆಗೆ ಸುರುಳಿಯ ಆ ಬದಿ ಖಾಲಿ.